ಹಳೆಯ ಮೋಟಾರು ಗಾಡಿಗಳ ಬಿಡಿಭಾಗಗಳು: ಒಂದು ಗುಜರಿ ವ್ಯಾಪಾರದ ಚರಿತ್ರೆ

ಪೇಟೆಯ ಮಾತಿನಲ್ಲಿ ಗುಜರಿಯೆಂಬ ಪದವು ಹಳೆಯ ಕಬ್ಬಿಣ, ಒಡೆದ ಪಾತ್ರೆ, ಕೆಟ್ಟುಹೋದ ಯಂತ್ರ ಮೊದಲಾದುವುಗಳ ಅಂಗಡಿಗೆ ಸಲ್ಲುತ್ತದೆ. ಈ ಪದದ ಮೂಲವನ್ನು ಅರಸುತ್ತ ಹೋದರೆ ಅದು ಹಿಂದೂಸ್ತಾನಿಯ ‘ಗುಜ್ರೀ’ ಎಂಬುದನ್ನೂ, ಅದರ ಹಿಂದೆ ಹಾದುಹೋಗುವುದು ಎಂಬರ್ಥದ ಪಾರಸೀ ಶಬ್ದವನ್ನೂ ಮುಟ್ಟುತ್ತದೆ. ಹಾದಿಯ ಬದಿಯಲ್ಲಿ ಹೊತ್ತು ಇಳಿದ ಮೇಲೆ ಕೂಡುವ ಸಂತೆಯೆಂಬುದೇ ಅದರ ಹಿಂದಿನ ಅರ್ಥ. ಹಗಲಿನ ಪೇಟೆಯಲ್ಲಿ ಬೆಲೆಯನ್ನು ಕಳೆದುಕೊಂಡ ಪದಾರ್ಥವು ಸಂಜೆಯ ಸಂತೆಯಲ್ಲಿ ಮತ್ತೊಂದು ಬೆಲೆಯನ್ನು ಪಡೆಯುವುದು ಎಲ್ಲ ಕಾಲದಲ್ಲಿಯೂ ನಡೆದುಬಂದದ್ದೇ. ಆದರೆ ಮೋಟಾರು ಗಾಡಿಯ ವಿಷಯದಲ್ಲಿ ಈ ಎರಡನೆಯ ಬೆಲೆಯು ಕೆಲವೆಡೆ ಮೊದಲನೆಯ ಬೆಲೆಯ ನೂರು ಪಾಲಾಗಿ ಏರಿತೆಂಬುದೂ, ಆ ಏರಿಕೆಯಿಂದ ವಸ್ತುವಿನ ಸ್ವರೂಪದ ಬಗೆಗೇ ನ್ಯಾಯಸ್ಥಾನದಲ್ಲಿ ವಾದ ಹುಟ್ಟಿತೆಂಬುದೂ ತಿಳಿಯತಕ್ಕ ಸಂಗತಿಗಳಾಗಿವೆ.

ಒಂದು ಗಾಡಿಯ ಭಾಗವನ್ನು ಕಳಚಿ ಮತ್ತೊಂದಕ್ಕೆ ಮಾರಬೇಕಾದರೆ ಮೊದಲು ಆ ಭಾಗವು ಮತ್ತೊಂದಕ್ಕೆ ಹೊಂದಬೇಕಷ್ಟೆ. ಇದು ಸಹಜವೆಂದು ಈಗ ತೋರಬಹುದು. ಆದರೆ ನೂರೈವತ್ತು ವರ್ಷಗಳ ಹಿಂದೆ ಹಾಗಿರಲಿಲ್ಲ. ಕಮ್ಮಾರನು ಎತ್ತಿನ ಗಾಡಿಯ ಅಚ್ಚನ್ನು ಆ ಗಾಡಿಯ ಗುಂಭಕ್ಕೆ ಉಜ್ಜಿ ಉಜ್ಜಿ ಕೂಡಿಸುವಂತೆಯೇ, ಯುರೋಪಿನ ಯಂತ್ರಶಾಲೆಗಳಲ್ಲಿಯೂ ಒಂದೊಂದು ತಿರುಪನ್ನು ಅದರದೇ ರಂಧ್ರಕ್ಕೆ ಅರದಿಂದ ತಿದ್ದಿ ಕೂಡಿಸುತ್ತಿದ್ದರು. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ ಎಂಬವನು ೧೮೪೧ರಲ್ಲಿ ತಿರುಪಿನ ಸುತ್ತುಗಳಿಗೆ ೫೫ ಅಂಶಗಳ ಕೋನವೊಂದನ್ನು ಗೊತ್ತುಮಾಡಿ, ಎಲ್ಲ ಕಾರ್ಖಾನೆಗಳಲ್ಲಿಯೂ ಒಂದೇ ಅಳತೆ ನಡೆಯಬೇಕೆಂದು ಸೂಚಿಸಿದನು. ೧೮೬೪ರಲ್ಲಿ ಅಮೇರಿಕದ ವಿಲಿಯಂ ಸೆಲರ್ಸನು ೬೦ ಅಂಶಗಳ ಕೋನವನ್ನು ಪ್ರತಿಪಾದಿಸಿದನು. ಈ ಐದು ಅಂಶಗಳ ಭೇದವು ಇಂದಿಗೂ ಹಳೆಯ ಗಾಡಿಗಳನ್ನು ರಿಪೇರಿ ಮಾಡುವವರ ಬೆರಳುಗಳನ್ನು ಕಾಡುತ್ತಿರುತ್ತದೆ. ಇದಕ್ಕಿಂತಲೂ ವಿಚಿತ್ರವಾದುದು ಇನ್ನೊಂದುಂಟು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಆಯುಧ ಕಂಪೆನಿಯು ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಕಾರ್ಖಾನೆ ಹೂಡಿತು. ೧೯೨೩ರಲ್ಲಿ ಅದನ್ನು ಮಾರಿಸನು ಕೊಂಡನು. ಅಲ್ಲಿನ ಯಂತ್ರಗಳು ಫ್ರೆಂಚರ ಮೀಟರ್ ಅಳತೆಯ ಸುತ್ತುಗಳನ್ನೇ ಕೊರೆಯುತ್ತಿದ್ದುವು. ಯಂತ್ರಗಳನ್ನು ಬದಲಿಸಲು ಖರ್ಚು ಬಹಳ. ಆದಕಾರಣ ಸುತ್ತುಗಳನ್ನು ಹಾಗೆಯೇ ಉಳಿಸಿ, ಇಂಗ್ಲಿಷ್ ಮೆಕ್ಯಾನಿಕನ ಸ್ಪ್ಯಾನರಿಗೆ ಹೊಂದುವಂತೆ ಬೋಲ್ಟಿನ ತಲೆಯನ್ನು ಮಾತ್ರ ವಿಟ್ವರ್ತನ ಅಳತೆಗೆ ಮಾಡಿದರು. ಎಂ. ಜಿ. ಗಾಡಿಗಳಲ್ಲಿ ೧೯೫೦ರ ದಶಕದವರೆಗೂ ಇಂಗ್ಲಿಷ್ ತಲೆಯೂ ಫ್ರೆಂಚ್ ಒಡಲೂ ಉಳ್ಳ ಈ ಬೋಲ್ಟುಗಳು ನಡೆದುಬಂದುವು. ಇಂಥ ಗಾಡಿಯ ಒಂದು ಬೋಲ್ಟು ಕಳೆದರೆ ಹೊಸ ಅಂಗಡಿಯಲ್ಲಿ ಸಿಕ್ಕುವಂತಿಲ್ಲ. ಮತ್ತೊಂದು ಸತ್ತ ಗಾಡಿಯಿಂದಲೇ ತರಬೇಕು.

ಬಿಡಿಭಾಗಗಳು ಪರಸ್ಪರ ಬದಲಾಗಬಲ್ಲುವು ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟ ಪರೀಕ್ಷೆಯು ೧೯೦೮ರಲ್ಲಿ ಲಂಡನ್ನಿನ ಬಳಿಯ ಬ್ರೂಕ್‌ಲೆಂಡ್ಸಿನಲ್ಲಿ ನಡೆಯಿತು. ಕ್ಯಾಡಿಲಾಕ್ ಕಂಪೆನಿಯ ಮೂರು ಗಾಡಿಗಳನ್ನು ರಾಯಲ್ ಆಟೋಮೊಬೈಲ್ ಕ್ಲಬ್ಬಿನ ಪರೀಕ್ಷಕರ ಮುಂದೆ ಸಂಪೂರ್ಣವಾಗಿ ಕಳಚಿದರು. ಒಂದೊಂದರಿಂದಲೂ ೭೨೧ ತುಂಡುಗಳು ಬಂದುವು. ಮೂರು ರಾಶಿಗಳನ್ನು ಒಂದಾಗಿ ಕಲಸಿ, ೮೯ ತುಂಡುಗಳನ್ನು ಹೊರಗೆ ತೆಗೆದು, ಅವುಗಳ ಬದಲಿಗೆ ಮಾರಾಟಗಾರನ ಉಗ್ರಾಣದ ತುಂಡುಗಳನ್ನು ಹಾಕಿದರು. ಅನಂತರ ಮೆಕ್ಯಾನಿಕರು ಸ್ಪ್ಯಾನರು ತಿರುಪುಳಿಗಳ ಹೊರತು ಅರವನ್ನು ಮುಟ್ಟದೆ ಮೂರು ಗಾಡಿಗಳನ್ನು ಕಟ್ಟಿದರು. ಬಣ್ಣಬಣ್ಣದ ತುಂಡುಗಳಿಂದ ವಿದೂಷಕನ ಅಂಗಿಯಂತೆ ಕಾಣುತ್ತಿದ್ದ ಆ ಗಾಡಿಗಳು ಐನೂರು ಮೈಲಿ ಓಡಿದುವು. ಕಂಪೆನಿಗೆ ಡ್ಯೂವರ್ ಟ್ರೋಫಿ ದೊರೆಯಿತು. ಗುಜರಿ ಅಂಗಡಿಯವರು ಯಾವ ಘಟನೆಯನ್ನಾದರೂ ತಮ್ಮ ವೃತ್ತಿಯ ಜನ್ಮದಿನವೆಂದು ಆಚರಿಸುವುದಾದರೆ ಇದನ್ನು ಆಚರಿಸಬಹುದು.

ಅದೇ ವರ್ಷ ಅಕ್ಟೋಬರಿನಲ್ಲಿ ಹೆನ್ರಿ ಫೋರ್ಡನ ‘ಟಿ’ ಮಾದರಿಯ ಗಾಡಿ ಹೊರಬಿದ್ದಿತು. ೮೫೦ ಡಾಲರುಗಳಿಂದ ಮೊದಲಾದ ಅದರ ಬೆಲೆಯು ೧೯೨೫ರ ವೇಳೆಗೆ ೨೬೦ ಡಾಲರುಗಳಿಗೆ ಇಳಿಯಿತು. ೧೯೨೭ರಲ್ಲಿ ತಯಾರಿಕೆಯು ನಿಲ್ಲುವ ಹೊತ್ತಿಗೆ ಒಂದೂವರೆ ಕೋಟಿ ಗಾಡಿಗಳು ಆಗಿದ್ದುವು. ಇಷ್ಟು ಗಾಡಿಗಳು ಮುದಿಯಾದಾಗ ಅವು ಹೋಗತಕ್ಕ ಸ್ಥಳವೆಲ್ಲಿ? ಊರ ಹೊರಗಿನ ಬಯಲುಗಳಲ್ಲಿ ಗಾಡಿಗಳನ್ನು ಕಳಚಿ ಮಾರುವ ಅಂಗಳಗಳು ಹುಟ್ಟಿಕೊಂಡುವು. ರೈತನೊಬ್ಬನಿಗೆ ಹಿಂದಣ ಅಚ್ಚು ಬೇಕು, ಮತ್ತೊಬ್ಬನಿಗೆ ರೇಡಿಯೇಟರು ಬೇಕು. ಗಾಡಿಯು ಇಡಿಯಾಗಿ ನಿಂತಿದ್ದರೆ ಬಾರದ ಹಣವು ಬಿಡಿಬಿಡಿಯಾಗಿ ಬರುತ್ತಿತ್ತು. ಫೋರ್ಡನೇ ಸ್ವತಃ ೧೯೩೦ರ ಸುಮಾರಿಗೆ ರೂಜ್ ನದಿಯ ಬಳಿಯ ತನ್ನ ಕಾರ್ಖಾನೆಯಲ್ಲಿ ಹಳೆಯ ಗಾಡಿಗಳನ್ನು ಕಳಚುವ ಸಾಲೊಂದನ್ನು ಏರ್ಪಡಿಸಿದನು. ಒಂದು ಸಾಲಿನ ತುದಿಯಲ್ಲಿ ಹೊಸ ಗಾಡಿಯು ಹುಟ್ಟುತ್ತಿರಲು ಮತ್ತೊಂದು ಸಾಲಿನ ತುದಿಯಲ್ಲಿ ಹಳೆಯದು ಕರಗಿ ಕುಲುಮೆಗೆ ಬೀಳುತ್ತಿತ್ತು.

ಯಾವ ಭಾಗ ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ನೋಡಿದರೆ ಈ ವ್ಯಾಪಾರದ ಒಳಗುಟ್ಟು ತಿಳಿಯುವುದು. ಉಕ್ಕಿನ ಅಚ್ಚು, ಗೇರಿನ ಚಕ್ರ, ಎರಕದ ಸಿಲಿಂಡರು ಇವು ಎಣ್ಣೆಯ ಜಿಡ್ಡಿನಲ್ಲಿ ಬಿದ್ದಿದ್ದರೂ ಅರ್ಧ ಶತಮಾನ ಕಳೆಯುತ್ತವೆ. ಹಿತ್ತಾಳೆಯ ದೀಪಗಳೂ ರೇಡಿಯೇಟರುಗಳೂ ಅವುಗಳ ಲೋಹದ ಬೆಲೆಗಾಗಿಯೇ ಹಾಳಾದುವು. ತೂಕಕ್ಕೆ ಬೆಲೆಯುಳ್ಳದ್ದು ಮೊದಲು ಕುಲುಮೆಯನ್ನು ಸೇರುತ್ತದೆ. ಬಾಗಿಲಿನ ಒಳಗಣ ಮರದ ಚೌಕಟ್ಟನ್ನು ಗೆದ್ದಲೂ ಮಳೆಯೂ ಹಂಚಿಕೊಂಡುವು. ಸತುವಿನ ಮಿಶ್ರಲೋಹದಿಂದ ಎರಕ ಹೊಯ್ದ ಕಾರ್ಬುರೇಟರು, ಬಾಗಿಲ ಹಿಡಿಕೆ ಮುಂತಾದುವುಗಳದು ಇನ್ನೊಂದು ವಿಧದ ದುರ್ಗತಿ. ಆ ಮಿಶ್ರಣದಲ್ಲಿ ಸೀಸದ ಕಲ್ಮಷವು ಸ್ವಲ್ಪವಿದ್ದರೂ ಕಾಲಕ್ರಮದಲ್ಲಿ ಲೋಹವು ಒಳಗಿನಿಂದಲೇ ಬಿರಿದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದರೂ ಹುಡಿಯಾಗಿಬಿಡುತ್ತದೆ. ಮುಟ್ಟದೆ ಕಾಪಾಡಿದ ಹೊಸ ಭಾಗವು ಹೀಗೆ ಸಾಯುವುದನ್ನೂ, ಸೆಗಣಿಯ ಗುಂಡಿಯ ಬದಿಯಲ್ಲಿ ಬಿದ್ದ ಅಚ್ಚು ಬದುಕುವುದನ್ನೂ ನೋಡಿದವರಿಗೆ ವಿಧಿಯ ಮೇಲೆ ನಂಬಿಕೆ ಹೆಚ್ಚಬಹುದು. ಬೇರಿಂಗುಗಳ ಬಿಳಿಲೋಹವು ಮಾತ್ರ ಕರಗಿಸಿ ಮತ್ತೆ ಹೊಯ್ಯಲು ಬರುವಂಥದು. ಆ ಕೆಲಸವನ್ನು ಬಲ್ಲ ಮೇಸ್ತ್ರಿಯಿದ್ದ ಊರಿನಲ್ಲಿ ಗಾಡಿಗೆ ಸಾವಿರಲಿಲ್ಲ. ಕಿಡಿಯನ್ನು ಹುಟ್ಟಿಸುವ ಮ್ಯಾಗ್ನೆಟೋ ಯಂತ್ರದ ಕಥೆ ಬೇರೆ. ೧೯೧೪ಕ್ಕೆ ಮೊದಲು ಬ್ರಿಟಿಷರು ಅದನ್ನು ಬಹುತೇಕ ಜರ್ಮನಿಯ ಬಾಷ್ ಕಂಪೆನಿಯಿಂದಲೇ ತರಿಸುತ್ತಿದ್ದರು; ಯುದ್ಧ ಹೂಡಿದೊಡನೆ ಶತ್ರುವಿನ ಕಿಡಿಯಿಲ್ಲದೆ ತಮ್ಮ ಎಂಜಿನ್ನು ತಿರುಗದೆಂಬುದು ಅವರಿಗೆ ಗೊತ್ತಾಯಿತು.

ಕೊಳ್ಳುವವನಿಗೆ ಬೇಕಾದ ವಿದ್ಯೆಯೂ ಸಾಮಾನ್ಯವಾದುದಲ್ಲ. ಶಾಸನವನ್ನು ಓದುವ ಪಂಡಿತನು ಕಲ್ಲಿನ ಲಿಪಿಯ ಒಂದು ಕೊಂಬಿನಿಂದ ಶತಮಾನವನ್ನು ಹೇಳುವಂತೆ, ಇವನು ಎರಕದ ಮೇಲೆ ಉಬ್ಬಿದ ಅಂಕಿಯಿಂದಲೂ ಗುರುತಿನಿಂದಲೂ ಗಾಡಿಯ ಮಾದರಿಯನ್ನು ಹೇಳಬೇಕು. ಇಂಗ್ಲೆಂಡಿನ ಲ್ಯೂಕಸ್ ಕಂಪೆನಿಯು ತನ್ನ ಡೈನಮೋ ಸ್ವಿಚ್ಚು ಮುಂತಾದುವುಗಳ ಮೇಲೆ ತಯಾರಾದ ತಿಂಗಳನ್ನೂ ವರ್ಷವನ್ನೂ ಒತ್ತುತ್ತಿದ್ದಿತು. ಆ ಎರಡು ಅಂಕಿಗಳನ್ನು ಮಸಿಯ ಕೆಳಗಿನಿಂದ ಉಜ್ಜಿ ತೆಗೆದು ಓದಿದ ಮೇಲೆಯೇ ಬಲ್ಲವನು ಚೌಕಾಸಿಗೆ ತೊಡಗುವನು. ಓದಿದುದನ್ನು ಮುಖದಲ್ಲಿ ತೋರಿಸದಿರುವುದೂ ಆ ವಿದ್ಯೆಯ ಒಂದು ಅಂಗವೇ ಸರಿ.

ಎರಡನೆಯ ಮಹಾಯುದ್ಧವು ಈ ವ್ಯಾಪಾರಕ್ಕೆ ಒಂದೇ ಕಾಲದಲ್ಲಿ ಮೃತ್ಯುವೂ ಪ್ರಾಣವೂ ಆಯಿತು. ೧೯೪೨ರ ಫೆಬ್ರವರಿಯಲ್ಲಿ ಅಮೇರಿಕದಲ್ಲಿ ಸಾಮಾನ್ಯ ಜನರಿಗಾಗಿ ಗಾಡಿಗಳನ್ನು ಮಾಡುವುದು ನಿಂತುಹೋಯಿತು. ಆದುದರಿಂದ ಹಳೆಯ ಗಾಡಿಯನ್ನು ಓಡಿಸಲು ಹಳೆಯ ಭಾಗವೇ ಗತಿಯಾಯಿತು. ಅದೇ ಸಮಯದಲ್ಲಿ ತೋಪು ಟ್ಯಾಂಕುಗಳಿಗೆ ಕಬ್ಬಿಣ ಬೇಕೆಂದು ಹಳೆಯ ಲೋಹವನ್ನು ಒಟ್ಟುಗೂಡಿಸುವ ಚಳವಳಿಯೂ ನಡೆಯಿತು. ಕೊಟ್ಟಿಗೆಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಮಲಗಿದ್ದ ಎಷ್ಟೋ ಗಾಡಿಗಳು ದೇಶಭಕ್ತಿಯ ಕುಲುಮೆಗೆ ಬಿದ್ದುವು.

ಆ ದಿನಗಳಲ್ಲಿ ಬದುಕಿ ಬಂದ ಒಂದು ಗಾಡಿಯ ವೃತ್ತಾಂತವಿದೆ. ಫ್ರಾನ್ಸಿನ ಎಟೋರೆ ಬುಗಾಟಿಯು ಅರಸರಿಗಾಗಿಯೇ ಎಂದು ಸಂಕಲ್ಪಿಸಿ ‘ರಾಯಲ್’ ಎಂಬ ಮಹಾಗಾತ್ರದ ಗಾಡಿಯನ್ನು ನಿರ್ಮಿಸಿದನು. ಅದರ ಎಂಜಿನ್ನು ಸುಮಾರು ೧೨.೭ ಲೀಟರಿನದು. ಆರೇ ಗಾಡಿಗಳು ಆದುವು. ಅರಸರು ಯಾರೂ ಕೊಳ್ಳಲಿಲ್ಲ. ಅವುಗಳಲ್ಲಿ ಒಂದನ್ನು ೧೯೩೨ರಲ್ಲಿ ಜರ್ಮನಿಯ ಪ್ರಸೂತಿ ವೈದ್ಯನೊಬ್ಬನು ಕೊಂಡನು. ಅವನು ನಾಜಿಗಳ ಕಾಲದಲ್ಲಿ ದೇಶವನ್ನು ಬಿಟ್ಟು ಕೊನೆಗೆ ನ್ಯೂಯಾರ್ಕಿಗೆ ಬಂದನು. ಗಾಡಿಯೂ ಅವನನ್ನು ಹಿಂಬಾಲಿಸಿತು. ಅಲ್ಲಿಯ ಒಂದು ಚಳಿಗಾಲದಲ್ಲಿ ಎಂಜಿನ್ನಿನೊಳಗಿನ ನೀರು ಹೆಪ್ಪುಗಟ್ಟಿ ಎರಕವು ಬಿರಿಯಿತು. ಅದಕ್ಕೆ ಬದಲಿ ಎರಕವನ್ನು ಲೋಕದ ಯಾವ ಗುಜರಿಯಲ್ಲಿ ಹುಡುಕುವುದು? ಗಾಡಿಯು ಹಳೆ ಕಬ್ಬಿಣದ ಅಂಗಳಕ್ಕೆ ಬಿದ್ದಿತು. ೧೯೪೩ರಲ್ಲಿ ಚಾರ್ಲ್ಸ್ ಚೇನ್ ಎಂಬ ಎಂಜಿನಿಯರನು, ಎಲ್ಲೆಲ್ಲಿಯೂ ಲೋಹವನ್ನು ಕರಗಿಸುತ್ತಿದ್ದ ಆ ಸಮಯದಲ್ಲಿ, ಅದನ್ನು ನಾನೂರು ಡಾಲರುಗಳಿಗೆ ಕೊಂಡನು.

ಹಳೆಯ ಗಾಡಿಗಳನ್ನು ಪ್ರೀತಿಸುವವರ ಸಂಘಗಳು ಇದಕ್ಕೂ ಮೊದಲೇ ಹುಟ್ಟಿದ್ದುವು: ಇಂಗ್ಲೆಂಡಿನಲ್ಲಿ ೧೯೩೦ರಲ್ಲಿ ವೆಟರನ್ ಕಾರ್ ಕ್ಲಬ್ಬು, ಅಮೇರಿಕದಲ್ಲಿ ೧೯೩೫ರಲ್ಲಿ ಪುರಾತನ ಗಾಡಿಗಳ ಸಂಘ. ಯುದ್ಧವು ಮುಗಿದ ಮೇಲೆ ಅವರ ಸಂಖ್ಯೆ ಬೆಳೆಯಿತು. ೧೯೫೫ರಲ್ಲಿ ಪೆನ್ಸಿಲ್ವೇನಿಯದ ಹರ್ಷಿಯಲ್ಲಿ ಆ ಅಮೇರಿಕದ ಸಂಘದ ಸಮ್ಮೇಳನದ ಜೊತೆಯಲ್ಲಿಯೇ ಬಿಡಿಭಾಗಗಳ ಸಂತೆಯೂ ಮೊದಲಾಯಿತು. ಗಾಡಿಗಳನ್ನು ನೋಡಲು ಬಂದವರಿಗಿಂತ ತುಕ್ಕನ್ನು ನೋಡಲು ಬಂದವರೇ ಹೆಚ್ಚೆನ್ನುವಷ್ಟು ಆ ಸಂತೆಯು ವರ್ಷವರ್ಷವೂ ಹಬ್ಬಿತು. ಇಂಗ್ಲೆಂಡಿನ ಬ್ಯೂಲಿ ಎಂಬಲ್ಲಿ ಮೋಟಾರು ವಸ್ತುಸಂಗ್ರಹಾಲಯವನ್ನು ಕಟ್ಟಿದ ಲಾರ್ಡ್ ಮಾಂಟೆಗ್ಯೂ ೧೯೬೭ರಲ್ಲಿ ಇಂಥದೇ ಒಂದು ಸಂತೆಯನ್ನು ಏರ್ಪಡಿಸಿ ಅದಕ್ಕೆ ‘ಆಟೋಜಂಬಲ್’ ಎಂದು ಹೆಸರಿಟ್ಟನು. ಚರ್ಚಿನ ಅಂಗಳದಲ್ಲಿ ಹಳೆಯ ಬಟ್ಟೆಬರೆಗಳನ್ನು ಧರ್ಮಕಾರ್ಯಕ್ಕಾಗಿ ಮಾರುವ ‘ಜಂಬಲ್ ಸೇಲ್’ ಎಂಬುದರಿಂದ ಆ ಮಾತನ್ನು ಕಟ್ಟಲಾಯಿತು. ಹೀಗೆ ಹಾದಿಬದಿಯ ಸಂತೆಯು ಇಂಗ್ಲಿಷ್ ಭಾಷೆಯಲ್ಲಿಯೂ ತನ್ನದೊಂದು ಶಬ್ದವನ್ನು ಪಡೆಯಿತು.

ಭಾರತದಲ್ಲಿ ಈ ಚರಿತ್ರೆ ಬೇರೆ ದಾರಿಯನ್ನು ಹಿಡಿಯಿತು. ಇಲ್ಲಿ ಹಳೆಯ ಭಾಗವನ್ನು ಹುಡುಕಿದವರು ವಿನೋದಿಗಳಲ್ಲ, ನಿರ್ವಾಹವಿಲ್ಲದವರು. ಮುಂಬಯಿಯ ಶಿವಡಿಯಲ್ಲಿ ೧೯೨೮ರಿಂದ ಅಮೇರಿಕದ ಗಾಡಿಗಳನ್ನು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಕಂಪೆನಿಯು, ೧೯೫೩ರ ಸುಂಕದ ಆಯೋಗದ ಶಿಫಾರಸಿನ ಮೇರೆಗೆ ಸ್ವದೇಶದಲ್ಲಿಯೇ ತಯಾರಿಸದವರಿಗೆ ಅವಕಾಶವಿಲ್ಲವೆಂದಾದ ಮೇಲೆ ೧೯೫೪ರಲ್ಲಿ ಬಾಗಿಲು ಹಾಕಿತು. ಫೋರ್ಡ್ ಕಂಪೆನಿಯೂ ಹೊರಟಿತು. ಆದರೆ ಅವರು ಮಾರಿದ್ದ ಷೆವ್ರೊಲೆ, ಬ್ಯೂಯಿಕ್, ಫೋರ್ಡ್ ಗಾಡಿಗಳು ಇಲ್ಲಿಯೇ ಉಳಿದುವು. ಅವುಗಳಿಗೆ ಮುಂದೆ ಬಿಡಿಭಾಗವೆಂದರೆ ಕಲ್ಕತ್ತೆಯ ಮಲ್ಲಿಕ್ ಬಜಾರು, ಮುಂಬಯಿಯ ಚೋರ್ ಬಜಾರು, ಮದ್ರಾಸಿನ ಪುದುಪೇಟೆ, ಬೆಂಗಳೂರಿನ ಶಿವಾಜಿನಗರದ ಗುಜರಿ; ಅಲ್ಲಿ ಸಿಕ್ಕದಿದ್ದರೆ ಲೇತಿನ ಮುಂದೆ ನಿಂತ ಮೇಸ್ತ್ರಿಯ ಕೈ. ಒಂದು ಜಾತಿಯ ಗಾಡಿಗೆ ಮತ್ತೊಂದರ ಗೇರು ಪೆಟ್ಟಿಗೆ, ಪೆಟ್ರೋಲಿನ ಹೊಟ್ಟೆಗೆ ಡೀಸೆಲಿನ ಎಂಜಿನ್ನು, ಹೀಗೆ ವರ್ಣಸಂಕರವು ಯಥೇಚ್ಛವಾಗಿ ನಡೆಯಿತು. ಈಗಿನ ಸಂಗ್ರಹಕಾರರು ಇದನ್ನು ಕಂಡು ಮೂಗು ಮುರಿಯುವರು. ಆದರೆ ಆ ಮೇಸ್ತ್ರಿಗಳ ಸಾಹಸವಿಲ್ಲದಿದ್ದಲ್ಲಿ ಮೂಗು ಮುರಿಯಲಿಕ್ಕಾದರೂ ಗಾಡಿ ಉಳಿಯುತ್ತಿರಲಿಲ್ಲವೆಂಬುದನ್ನು ಅವರು ಮರೆಯಬಾರದು. ಕ್ಯೂಬಾ ದ್ವೀಪದಲ್ಲಿಯೂ ಹೀಗೆಯೇ ಆಯಿತು. ೧೯೫೯ರ ಕ್ರಾಂತಿಯ ತರುವಾಯ, ೧೯೬೨ರಲ್ಲಿ ಅಮೇರಿಕದ ವ್ಯಾಪಾರ ನಿರ್ಬಂಧವು ಪೂರ್ಣವಾದ ಮೇಲೆ, ಅಲ್ಲಿಯ ಅಮೇರಿಕದ ಗಾಡಿಗಳು ರಷ್ಯದ ಭಾಗಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಾಡಿಗೆಗೆ ಓಡಿದುವು.

ಇನ್ನೊಂದು ಕಡೆಯಲ್ಲಿ ಭಾರತವು ತಿಳಿಯದೆಯೇ ಪರದೇಶದ ಹಳೆಯ ಗಾಡಿಗಳಿಗೆ ಉಗ್ರಾಣವಾಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಶ್ರೇಣಿಯು ಅಲ್ಲಿ ೧೯೫೯ರಲ್ಲಿಯೇ ನಿಂತಿತು. ಬಂಗಾಳದ ಉತ್ತರಪಾಡಾದಲ್ಲಿ ಅದರ ದತ್ತಪುತ್ರನಾದ ಅಂಬಾಸಡರು ೨೦೧೪ರವರೆಗೂ ತಯಾರಾಯಿತು. ಅದರಲ್ಲಿ ಬಹುಕಾಲ ಇದ್ದ ೧೪೮೯ ಘನ ಸೆಂಟಿಮೀಟರಿನ ಎಂಜಿನ್ನೂ ಎಂ. ಜಿ. ಎ. ಎಂಬ ಇಂಗ್ಲಿಷ್ ಗಾಡಿಯ ಎಂಜಿನ್ನೂ ಒಂದೇ ಕುಲದವು. ಇಟಲಿಯಲ್ಲಿ ಫಿಯಟ್ ೧೧೦೦ ನಿಂತುದು ೧೯೬೯ರಲ್ಲಿ. ಮುಂಬಯಿಯ ಕುರ್ಲಾದಲ್ಲಿ ಅದರ ಸಂತತಿಯು ಆ ಶತಮಾನದ ಕೊನೆಯವರೆಗೂ ಬಾಳಿತು. ಮೂಲದೇಶದಲ್ಲಿ ನಷ್ಟವಾದ ಗ್ರಂಥವು ನೆರೆಯ ನಾಡಿನ ಮಠದಲ್ಲಿ ದೊರೆಯುವುದಿಲ್ಲವೆ? ಹಾಗೆಯೇ ಇದು.

ಕನ್ನಡ ನಾಡಿನಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಗಾಡಿಗಳ ಸಂಗ್ರಹವನ್ನು ಯಾತ್ರಿಕರು ಅನೇಕರು ನೋಡಿರುವರು. ಹೊಳೆಯುವ ಆ ಗಾಡಿಗಳನ್ನು ನೋಡುವಾಗ ಮನಸ್ಸಿಗೆ ಬರುವುದು ಶ್ರೀಮಂತರ ವೈಭವ. ಆದರೆ ಇಂಥ ಗಾಡಿಯೊಂದು ಎದ್ದು ನಿಲ್ಲಬೇಕಾದರೆ ಅದರ ಹಿಂದೆ ಎಷ್ಟು ಗುಜರಿಗಳ ಮಸಿಯಿರುವುದೆಂಬುದನ್ನು ಬಣ್ಣವು ಮುಚ್ಚಿಡುತ್ತದೆ.

ಬೆಲೆಯು ಏರಿದಂತೆ ಮೋಸವೂ ಏರಿತು. ಬಿಡಿಭಾಗಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಎಂಜಿನ್ನೂ ಅಲ್ಲ, ಗೇರೂ ಅಲ್ಲ. ಚಾಸಿಯ ಅಂಕಿಯನ್ನು ಕೆತ್ತಿದ ಅಂಗೈಯಗಲದ ತಗಡು. ಆ ತಗಡೊಂದು ದೊರೆತರೆ ಅದರ ಸುತ್ತ ಗಾಡಿಯನ್ನೇ ಕಟ್ಟಿ ಪ್ರಾಚೀನವೆಂದು ಮಾರಬಹುದು. ಒಂದೇ ಅಂಕಿಯ ಗಾಡಿಗಳು ಎರಡು ದೇಶಗಳಲ್ಲಿ ಕಾಣಿಸಿಕೊಂಡುದೂ ಉಂಟು. ಕಳವಿನ ಗಾಡಿಯ ಅಂಕಿಯನ್ನು ಉಜ್ಜಿ ಅಳಿಸಿ, ತುಂಡುತುಂಡಾಗಿ ಮಾರಿಬಿಡುವ ನೀಚವೃತ್ತಿಯೂ ಈ ವ್ಯಾಪಾರದ ನೆರಳಿನಲ್ಲಿಯೇ ಬೆಳೆಯಿತು. ಇದರಿಂದ ಪ್ರಾಮಾಣಿಕರಾದ ವ್ಯಾಪಾರಿಗಳಿಗೆ ಬಂದ ಅಪಕೀರ್ತಿಯು ಅನ್ಯಾಯವಾದುದು.

ಆದರೆ ಮೋಸವಿಲ್ಲದ ಸ್ಥಳದಲ್ಲಿಯೂ ಪ್ರಶ್ನೆಯು ಉಳಿಯುತ್ತದೆ. ಎಲ್ಲ ಭಾಗಗಳೂ ಒಂದೊಂದಾಗಿ ಬದಲಾದ ಮೇಲೆ ಗಾಡಿಯು ಅದೇ ಗಾಡಿಯೋ? ಮಿಲಿಂದನೆಂಬ ಯವನರಾಜನೂ ನಾಗಸೇನನೆಂಬ ಭಿಕ್ಷುವೂ ಮಾಡಿದ ಸಂವಾದವು ಪಾಲೀ ಗ್ರಂಥದಲ್ಲಿರುವುದನ್ನು ಬಲ್ಲವರು ಬಲ್ಲರು. ಅರಸನು ರಥದಲ್ಲಿ ಬಂದೆನೆನ್ನಲು, ಭಿಕ್ಷುವು ಈಷೆಯು ರಥವೋ, ಅಚ್ಚು ರಥವೋ, ಚಕ್ರಗಳು ರಥವೋ ಎಂದು ಒಂದೊಂದನ್ನೇ ಕೇಳಿ, ಅರಸನು ಅಲ್ಲವೆನ್ನುತ್ತಲೇ ಬರಲು, ರಥವೆಂಬುದು ಈ ಅಂಗಗಳ ಕೂಟಕ್ಕೆ ಇಟ್ಟ ಹೆಸರು ಮಾತ್ರವೆಂಬಲ್ಲಿಗೆ ಅವನನ್ನು ತಂದು ನಿಲ್ಲಿಸುವನು. ಪಾಠಶಾಲೆಯ ಜಗಲಿಯ ಮೇಲೆ ವಿನೋದಕ್ಕಾಗಿ ಚರ್ಚಿಸತಕ್ಕ ಈ ವಿಷಯವು ೧೯೯೦ರಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಪಣಕ್ಕಿದ್ದುದು ಒಂದು ಕೋಟಿ ಪೌಂಡು.

ವ್ಯಾಜ್ಯದ ವಸ್ತು ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಗಾಡಿ. ಅದು ಫ್ರಾನ್ಸಿನ ಲ ಮಾನ್ ಊರಿನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ೧೯೨೯ರಲ್ಲಿಯೂ ೧೯೩೦ರಲ್ಲಿಯೂ ಗೆದ್ದಿತ್ತು. ಎರಡು ಸಲವೂ ಓಡಿಸಿದವರಲ್ಲಿ ವೂಲ್ಫ್ ಬರ್ನಾಟೋ ಒಬ್ಬನು. ಪಂದ್ಯದ ಗಾಡಿಗೆ ಪ್ರತಿ ಓಟದ ಮುಂದೆಯೂ ಹಿಂದೆಯೂ ಹೊಸ ಭಾಗಗಳು ಬೀಳುತ್ತವೆ. ೧೯೩೨ರಲ್ಲಿ ಎಂಟು ಲೀಟರಿನ ಬೇರೆ ಎಂಜಿನ್ನನ್ನು ಹೊತ್ತು ಬ್ರೂಕ್‌ಲೆಂಡ್ಸಿನಲ್ಲಿ ಓಡುತ್ತಿರುವಾಗ ಅದು ಅಂಚನ್ನು ಮೀರಿ ಬಿದ್ದು, ಕ್ಲೈವ್ ಡನ್‌ಫೀ ಎಂಬ ತರುಣನು ಮೃತನಾದನು. ಉಳಿದುದನ್ನು ಮತ್ತೆ ಕಟ್ಟಿ ಮುಚ್ಚಿದ ಗಾಡಿಯನ್ನಾಗಿ ಮಾಡಿದರು. ಕೊನೆಯ ಒಡೆಯನು ಅದಕ್ಕೆ ಹಳೆಯ ಪಂದ್ಯದ ರೂಪವನ್ನು ಕೊಡಿಸಿ ಮಾರಲು ಒಪ್ಪಂದ ಮಾಡಿಕೊಂಡನು. ಕೊಳ್ಳುವವರು, ಇದು ಆ ಗಾಡಿಯೇ ಅಲ್ಲ, ಹಣವನ್ನು ಕೊಡೆವೆಂದರು. ತಜ್ಞರು ಸಾಕ್ಷ್ಯ ನುಡಿದರು: ೧೯೨೯ರಲ್ಲಿ ಗೆದ್ದ ಗಾಡಿಯದೆಂದು ತೋರಿಸಬಹುದಾದುದು ಏನೂ ಇಲ್ಲವೆನ್ನಬಹುದು, ೧೯೩೦ರ ಗಾಡಿಯಿಂದ ಪೆಡಲುಗಳ ದಂಡ, ಗೇರು ಪೆಟ್ಟಿಗೆಯ ಹೊರಕವಚ, ಸ್ಟಿಯರಿಂಗಿನ ಕಂಬ, ಇಷ್ಟು ಮಾತ್ರ ಇರಬಹುದು.

ನ್ಯಾಯಮೂರ್ತಿ ಆಟನ್ ಅವರು ಭಾಗಗಳನ್ನು ಎಣಿಸುತ್ತ ಕೂಡಲಿಲ್ಲ. ಹೊಸ ಭಾಗಗಳು ಒಮ್ಮೆಗೇ ಬಂದು ಹಳೆಯದನ್ನು ನೂಕಿಬಿಟ್ಟಿದ್ದರೆ ಮಾತು ಬೇರೆ. ಇಲ್ಲಿ ಅವು ಬಹುಕಾಲದಲ್ಲಿ ಒಂದೊಂದಾಗಿ ಬಂದು ಇಡಿಯಲ್ಲಿ ಲೀನವಾಗಿವೆ. ಗಾಡಿಯ ಬಾಳು ಎಲ್ಲಿಯೂ ಕಡಿದಿಲ್ಲ. ಆದುದರಿಂದ ಅದಕ್ಕೆ ‘ಮೂಲ’ವೆಂಬ ವಿಶೇಷಣವು ಸಲ್ಲದಿದ್ದರೂ ‘ಪ್ರಮಾಣಸಿದ್ಧ’ವೆಂಬುದು ಸಲ್ಲುವುದು, ಓಲ್ಡ್ ನಂಬರ್ ಒನ್ ಎಂಬ ಹೆಸರೂ ಅದರದೇ, ಎಂದು ಅವರು ತೀರ್ಪು ಕೊಟ್ಟರು. ನಾಗಸೇನನು ಇದನ್ನು ಒಪ್ಪುತ್ತಿದ್ದನೋ ಇಲ್ಲವೋ. ದೀಪದ ಜ್ವಾಲೆಯು ಮೊದಲ ಜಾವದಲ್ಲಿಯೂ ಕಡೆಯ ಜಾವದಲ್ಲಿಯೂ ಅದೇ ಅಲ್ಲ, ಬೇರೆಯೂ ಅಲ್ಲವೆಂದು ಅವನೇ ಮತ್ತೊಂದೆಡೆ ಹೇಳಿರುವುದರಿಂದ, ಬಹುಶಃ ಒಪ್ಪುತ್ತಿದ್ದನು.

ಭಾರತದ ಕಾನೂನು ಇಷ್ಟು ಉದಾರವಾಗಿಲ್ಲ. ೨೦೨೧ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮಗಳ ಪ್ರಕಾರ ‘ವಿಂಟೇಜ್’ ಗಾಡಿಯೆನ್ನಿಸಬೇಕಾದರೆ ಮೊದಲ ನೋಂದಣಿಯಿಂದ ಐವತ್ತು ವರ್ಷಗಳು ಮೀರಿರಬೇಕು. ಮೂಲರೂಪದಲ್ಲಿಯೇ ಇದ್ದು, ಚಾಸಿ, ಒಡಲು, ಎಂಜಿನ್ನು ಇವುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಬಾರದು. ಅಂಥದಕ್ಕೆ ೨೦,೦೦೦ ರೂಪಾಯಿ ಶುಲ್ಕದ ಮೇಲೆ ‘ವಿಎ’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆ ದೊರೆಯುವುದು. ನಿಯಮದ ಉದ್ದೇಶವು ಒಳ್ಳೆಯದೇ. ಆದರೆ ಬಿಡಿಭಾಗವೇ ಬಾರದ ದಿನಗಳಲ್ಲಿ ಡೀಸೆಲಿನ ಎಂಜಿನ್ನನ್ನು ಹಾಕಿಸಿ ತಂದೆಯ ಗಾಡಿಯನ್ನು ಉಳಿಸಿಕೊಂಡ ಗೃಹಸ್ಥನು ಈಗ ಮೂಲ ಎಂಜಿನ್ನನ್ನು ಅರಸುತ್ತ ಮತ್ತೆ ಗುಜರಿಯ ಬಾಗಿಲಿಗೆ ಬರಬೇಕಾಗಿದೆ. ಅಂದು ಅವನು ಹಳೆ ಕಬ್ಬಿಣದ ಬೆಲೆಗೆ ಕೊಟ್ಟುಬಿಟ್ಟ ವಸ್ತುವಿಗೆ ಇಂದು ಕೇಳುವ ಬೆಲೆಯನ್ನು ತೆರುವುದು ಎಲ್ಲರಿಂದಾಗದು.

ನಾನೂರು ಡಾಲರಿನ ಆ ಬುಗಾಟಿ ಗಾಡಿಯಾದರೋ ಯಾವ ನ್ಯಾಯಾಲಯಕ್ಕೂ ಹೋಗಲಿಲ್ಲ. ಚಾರ್ಲ್ಸ್ ಚೇನನು ಯುದ್ಧ ಮುಗಿದ ಮೇಲೆ ಅದನ್ನು ಓಡುವ ಸ್ಥಿತಿಗೆ ತಂದನು. ಒಂದೇ ಕಾರ್ಬುರೇಟರಿದ್ದಲ್ಲಿ ನಾಲ್ಕನ್ನು ಕೂಡಿಸಿದನು, ತಂತಿಯ ಬ್ರೇಕುಗಳಿಗೆ ಬದಲಾಗಿ ಎಣ್ಣೆಯ ಒತ್ತಡದ ಬ್ರೇಕುಗಳನ್ನು ಹಾಕಿದನು, ಕಪ್ಪು ಹಳದಿಯ ಮೈಗೆ ಮುತ್ತಿನ ಚಿಪ್ಪಿನ ಬಿಳುಪನ್ನು ಬಳಿದನು. ೧೯೫೦ರ ದಶಕದ ಕೊನೆಯಲ್ಲಿ ಅವನು ಅದನ್ನು ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯಕ್ಕೆ ದಾನಮಾಡಿದನು. ಅಲ್ಲಿ ಅದು ಆ ನಾಲ್ಕು ಕಾರ್ಬುರೇಟರುಗಳ ಸಮೇತ, ಅದೇ ಬಿಳಿಯ ಬಣ್ಣದಲ್ಲಿ ನಿಂತಿದೆ.